ಹದಿನಾಲ್ಕನೆಯ ಬೆಕ್ಕು

ಕಳೆದ ವಾರ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೀರೇಕಾಯಿ ಆರಿಸುತ್ತ ನಿಂತಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು. ಕಾರ್ಪೊರೇಷನ್ನಿನ ಇಬ್ಬರು ಹೆಂಗಸರು ಮೋರಿಯ ಅಂಚಿಗೆ ಬ್ಲೀಚಿಂಗ್ ಪೌಡರ್ ಎರಚುತ್ತ ಬಂದರು. ಪಕ್ಕದಲ್ಲಿದ್ದವರೆಲ್ಲ ಸೆರಗೋ ಕರ್ಚೀಫೋ ಮೂಗಿಗೆ ಹಿಡಿದು ಸರಿದರು. ನಾನು ಮಾತ್ರ ಹೀರೇಕಾಯಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. "ಆಂಟಿ, ಅರ್ಧ ಕೆಜಿ ಸಾಕಾ?" ಎಂದು ಅಂಗಡಿಯವನು ಎರಡನೇ ಸಲ ಕೇಳಿದಾಗ "ಹೂಂ, ಸಾಕಪ್ಪ" ಎಂದೆನೇ ಹೊರತು ಅವನು ಎಷ್ಟು ತೂಗಿದನೆಂದು ನೋಡಲಿಲ್ಲ. ಆ ವಾಸನೆ ಬಂದರೆ ನನಗೆ ಈಗಲೂ ಹೀಗೇ. ಅರವತ್ತು ದಾಟಿದ ನಿವೃತ್ತ ಪಶುವೈದ್ಯೆ ನಾನು. ನನ್ನ ಕೈಯಲ್ಲಿ ಎಷ್ಟೋ ಪ್ರಾಣಿಗಳು ಬದುಕಿವೆ, ಎಷ್ಟೋ ಸತ್ತಿವೆ. ಬ್ಲೀಚಿಂಗ್ ಪೌಡರಿನ ವಾಸನೆಗೆ ಮಾತ್ರ ಒಂದೇ ಒಂದು ಬೆಕ್ಕು ನೆನಪಾಗುತ್ತದೆ, ಅದರ ಜೊತೆಗೆ ಶಾರದಮ್ಮ ಟೀಚರ್ ನೆನಪಾಗುತ್ತಾರೆ.

ಅದು ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ನಾನು ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಸೇರಿದ್ದೆ. ಮನೆ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ, ಕಾಲೇಜು ಊರಿನ ಉತ್ತರದ ಇನ್ನೊಂದು ತುದಿಯಲ್ಲಿ. ಎರಡು ಬಸ್ಸು ಹಿಡಿದರೆ ಒಂದೂವರೆ ಗಂಟೆಯ ದಾರಿ. ಅದಕ್ಕೆ ಕೆಲವು ವರ್ಷ ಮೊದಲು ಊರಿನ ನಾಯಿಗಳಿಗೆ ಹೊಸದೊಂದು ಕಾಯಿಲೆ ಬಂದಿತ್ತು. ರಕ್ತಭೇದಿಯಾಗಿ ಮರಿಗಳು ಎರಡು ಮೂರು ದಿನದಲ್ಲೇ ಕಣ್ಣು ಮುಚ್ಚುತ್ತಿದ್ದವು. ಅದಕ್ಕೆ ಕಾರಣ ಪಾರ್ವೊ ಎಂಬ ವೈರಸ್ಸು. ಬೆಕ್ಕುಗಳಲ್ಲಿ ಅದಕ್ಕೆ ದೊಡ್ಡಮ್ಮ ಆಗಬೇಕಾದ ಇನ್ನೊಂದು ಪಾರ್ವೊ ಬಹಳ ಹಿಂದಿನಿಂದಲೇ ಇತ್ತು. ಬೆಕ್ಕಿನದೇ ಸ್ವಲ್ಪ ಬದಲಾಗಿ ನಾಯಿಗೆ ದಾಟಿತೇ ಎಂಬುದು ಆಗ ನಮ್ಮ ವಿದ್ಯೆಯವರ ನಡುವೆ ಬಿಸಿಬಿಸಿ ಚರ್ಚೆ. ನನ್ನ ಗೈಡ್ ನಾಗಭೂಷಣ ಸಾರ್ ಮಾತು ಕಡಿಮೆ, ಕೆಮ್ಮು ಜಾಸ್ತಿ ಇದ್ದ ಮನುಷ್ಯ. ಮೊದಲ ದಿನವೇ ಹೇಳಿದರು:

"ನಾಯಿ ಬಗ್ಗೆ ಎಲ್ರೂ ಮಾಡ್ತಾರೆ. ನೀನು ಬೆಕ್ಕಿಂದು ಮಾಡು ವಿಮಲಾ. ನಮ್ಮೂರ ಬೆಕ್ಕುಗಳಲ್ಲಿರೋ ವೈರಸ್ಸೆಲ್ಲ ಒಂದೇನಾ, ಬೇರೆ ಬೇರೆನಾ, ಅಷ್ಟು ಹೇಳಿದ್ರೆ ಸಾಕು."

ಅಷ್ಟು ಹೇಳಲು ಮಾಡಬೇಕಾದ್ದು ಇಷ್ಟು. ಕಾಯಿಲೆ ಬಿದ್ದ ಬೆಕ್ಕುಗಳನ್ನು ಹುಡುಕಿ, ಅವುಗಳ ಭೇದಿಯನ್ನು ಪುಟ್ಟ ಸೀಸೆಯಲ್ಲಿ ಹಿಡಿದು, ಐಸಿನಲ್ಲಿಟ್ಟು ಕಾಲೇಜಿಗೆ ಒಯ್ಯಬೇಕು. ಬೆಕ್ಕಿನ ಮೂತ್ರಪಿಂಡದ ಜೀವಕೋಶಗಳನ್ನು ಗಾಜಿನ ಬಾಟಲಿಗಳಲ್ಲಿ ಸಾಕಿ, ಅವುಗಳ ಮೇಲೆ ವೈರಸ್ಸನ್ನು ಬೆಳೆಸಬೇಕು. ಬೆಳೆದದ್ದರಿಂದ ಅದರ ಡಿಎನ್ಎ ತೆಗೆದು, ಕತ್ತರಿಯ ಹಾಗೆ ಕೆಲಸ ಮಾಡುವ ಎಂಜೈಮುಗಳಿಂದ ಕತ್ತರಿಸಿ, ಎಷ್ಟೆಷ್ಟು ಉದ್ದದ ತುಂಡುಗಳು ಬಂದವೆಂದು ನೋಡಬೇಕು. ಎರಡು ಬೆಕ್ಕಿನ ತುಂಡುಗಳು ಒಂದೇ ಅಳತೆಯಲ್ಲಿದ್ದರೆ ವೈರಸ್ಸು ಒಂದೇ ವಂಶದ್ದು, ಇಲ್ಲದಿದ್ದರೆ ಅಲ್ಲ. ಎಂಜೈಮು ಹೊರದೇಶದಿಂದ ಬರಬೇಕು, ಬರಲು ತಿಂಗಳುಗಳು ಹಿಡಿಯುತ್ತವೆ. ಅಷ್ಟರಲ್ಲಿ ನೀನು ಬೆಕ್ಕು ಹುಡುಕುತ್ತಿರು ಎಂದರು ಸಾರ್.

ನಮ್ಮಮ್ಮನ ಗೋಳು ಕೇಳಬೇಡಿ. ಆ ವರ್ಷವೇ ನನಗೆ ಗಂಡು ನೋಡುತ್ತಿದ್ದರು. ಬಂದವರು "ಹುಡುಗಿ ಏನ್ ಮಾಡ್ತಿದಾಳೆ?" ಎಂದರೆ ಅಮ್ಮ "ಏನೋ ರಿಸರ್ಚು" ಎಂದು ಉಪ್ಪಿಟ್ಟಿನ ತಟ್ಟೆ ಮುಂದಕ್ಕೆ ತಳ್ಳುತ್ತಿದ್ದರು. ನಾನು ಸುಮ್ಮನಿರಬೇಕಲ್ಲ? ಒಂದು ದಿನ ವರನ ತಾಯಿ ಬಿಡದೆ ಕೇಳಿದರು, ನಾನು ಬಿಡಿಸಿ ಹೇಳಿದೆ. ಆಕೆ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ಆ ಸಂಬಂಧ ಅಲ್ಲಿಗೇ ನಿಂತುಹೋಯಿತು. ಆಮೇಲೆ ಒಂದು ವಾರ ಅಮ್ಮ ನನ್ನ ಹತ್ತಿರ ಮಾತಾಡಿದ್ದು ಅಪ್ಪನ ಮೂಲಕ.

ತಿಲಕ್ ನಗರದ ಐಸ್ ಕ್ಯಾಂಡಿ ಅಂಗಡಿಯಲ್ಲಿ ಐಸ್ ಒಡೆಸಿ ಥರ್ಮಾಸ್ ಫ್ಲಾಸ್ಕಿಗೆ ತುಂಬಿಸಿಕೊಂಡು ಬೆಳಿಗ್ಗೆ ಏಳಕ್ಕೆ ಹೊರಡುತ್ತಿದ್ದೆ. ಭುಜಕ್ಕೊಂದು ಬಟ್ಟೆಯ ಚೀಲ, ಕಾಲಿಗೆ ಪ್ಲಾಸ್ಟಿಕ್ ಸ್ಯಾಂಡಲ್ಸು. ಆ ಮಳೆಗಾಲದಲ್ಲಿ ಊರಿನ ಅರ್ಧಕ್ಕರ್ಧ ಹುಡುಗಿಯರ ಕಾಲಲ್ಲಿ ಅವೇ ಇದ್ದವು. ನೆನೆದರೂ ಹಾಳಾಗುವುದಿಲ್ಲ, ಕೆಳಗೆ ಜಾರದ ಹಾಗೆ ಗೆರೆಗೆರೆ. ಸಿದ್ದಾಪುರ, ತಿಲಕ್ ನಗರ, ಪುಟ್ಟೇನಹಳ್ಳಿ ಕೆರೆಯ ಆಚೆಯ ಮನೆಗಳು, ಎಲ್ಲಿ ಬೆಕ್ಕು ವಾಂತಿ ಮಾಡಿಕೊಂಡರೂ ಯಾರಾದರೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರು. ಬೆಕ್ಕಿನ ಡಾಕ್ಟ್ರು ಎಂಬ ಹೆಸರೂ ಬಿದ್ದಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಫ್ಲಾಸ್ಕ್ ನೋಡಿ "ಏನ್ ಮೇಡಂ, ದಿನಾ ಮನೆಯಿಂದ್ಲೇ ಕಾಫಿನಾ? ನಮ್ಗೂ ಒಂದ್ ಲೋಟ ಕೊಡಿ" ಎಂದು ನಗುತ್ತಿದ್ದರು. ಅದರಲ್ಲೇನಿದೆಯೆಂದು ನಾನು ಕೊನೆಯವರೆಗೂ ಹೇಳಲಿಲ್ಲ.

ಆಗಸ್ಟಿನ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಹನ್ನೆರಡು ಬೆಕ್ಕುಗಳಿದ್ದವು. ಹದಿಮೂರನೆಯದು ಸಿದ್ದಾಪುರದ ಮುನಿಯಮ್ಮನ ಮನೆಯದು. ಮುನಿಯಮ್ಮ ಹೂವು ಕಟ್ಟಿ ಮಾರುವವರು. ಒಂದೇ ಸಾಲಿನಲ್ಲಿ ಎಂಟು ಹತ್ತು ಮನೆಗಳಿದ್ದ ವಠಾರ ಅದು. ಅವರ ಬೂದು ಬೆಕ್ಕು ಮರಿ ಹಾಕಿ, ಎಲ್ಲ ಬೆಕ್ಕುಗಳ ಹಾಗೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಮನೆಯಿಂದ ಮನೆಗೆ ಸಾಗಿಸುತ್ತಿತ್ತು. ಏಳು ಮನೆ ಮುಗಿಯುವವರೆಗೆ ತಾಯಿಬೆಕ್ಕನ್ನು ಓಡಿಸಬಾರದು ಎಂದು ಆ ಸಾಲಿನವರೆಲ್ಲ ಗೋಣಿಚೀಲ ಹಾಸಿ ಜಾಗ ಕೊಟ್ಟಿದ್ದರು.

"ನಾಕು ಮರಿ ಇದ್ವಮ್ಮ, ಮೂರು ಹೋದ್ವು. ಇದೊಂದು ಐತೆ, ಇದೂ ಉಳಿಯಂಗ್ ಕಾಣೆ" ಎಂದು ಮುನಿಯಮ್ಮ ಮರಿಯನ್ನು ಸೆರಗಿನಲ್ಲಿ ಎತ್ತಿಕೊಟ್ಟರು. ಮರಿ ನನ್ನ ಕೈಯಿಂದ ಜಾರಿ ನೆಲಕ್ಕಿಳಿದು ನನ್ನ ಕಾಲ ಮೇಲೆಯೇ ಎಲ್ಲ ಮಾಡಿಕೊಂಡಿತು. ನನಗೆ ಬೇಕಾದ್ದು ಸಿಕ್ಕಿತೆಂದು ನನಗೆ ಖುಷಿಯೇ ಆಯಿತು.

"ಅಯ್ಯೋ, ಚಪ್ಲಿ ಎಲ್ಲ ಗಲೀಜಾಯ್ತಲ್ಲ. ತಡೀರಿ, ನೀರ್ ಕೊಡ್ತೀನಿ, ತೊಳ್ಕಳ್ಳಿ" ಎಂದು ಮುನಿಯಮ್ಮ ಚೊಂಬು ತಂದರು.

"ಬೇಡಮ್ಮ, ಐಸ್ ಕರಗಿಹೋಗುತ್ತೆ, ಇನ್ನೊಂದ್ ಮನೆಗೆ ಹೋಗ್ಬೇಕು" ಎಂದು ಪೇಪರಿನಲ್ಲಿ ಒರೆಸಿಕೊಂಡು ಹೊರಟೆ. ಕೈಗೆ ಮಾತ್ರ ಸ್ಪಿರಿಟ್ ಹಚ್ಚಿ ಚೆನ್ನಾಗಿ ಉಜ್ಜಿಕೊಂಡೆ. ಈ ವೈರಸ್ಸು ಸ್ಪಿರಿಟ್ಟಿಗೂ ಸೋಪಿಗೂ ಬಗ್ಗುವುದಿಲ್ಲ, ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತದೆ, ಬ್ಲೀಚಿಂಗ್ ಪೌಡರ್ ಕಲಸಿದ ನೀರಿಗೆ ಮಾತ್ರ ಸಾಯುತ್ತದೆ ಎಂದು ನನ್ನದೇ ನೋಟ್ಸಿನಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ ಬರೆದಿತ್ತು. ಪರೀಕ್ಷೆಗೆ ಕೇಳಿದ್ದರೆ ಪೂರ್ತಿ ಅಂಕ ತೆಗೆಯುತ್ತಿದ್ದೆ.

ಆ ಇನ್ನೊಂದು ಮನೆಯೇ ಶಾರದಮ್ಮ ಟೀಚರದು.

ಟೀಚರ್ ನನಗೆ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಮದುವೆಯಾಗಿರಲಿಲ್ಲ, ರಿಟೈರಾದ ಮೇಲೆ ತಿಲಕ್ ನಗರಕ್ಕೆ ಅಂಟಿಕೊಂಡಂತಿದ್ದ ಜಯನಗರದ ಪುಟ್ಟ ಮನೆಯಲ್ಲಿ ಒಬ್ಬರೇ ಇದ್ದರು. ಒಬ್ಬರೇ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಮೀನಾಕ್ಷಿ ಇದ್ದಳಲ್ಲ! ಮೈಯೆಲ್ಲ ಬಿಳಿ, ಬಾಲ ಮಾತ್ರ ಕಂದು, ಎರಡು ವರ್ಷದ ಬೆಕ್ಕು. ಹೆಸರು ಮೀನಾಕ್ಷಿಯಾದರೂ ಹುಟ್ಟಿದಾಗಿನಿಂದ ಮೀನಿನ ಮುಖ ನೋಡದೆ ಹಾಲು ಮತ್ತು ಮೊಸರನ್ನದಲ್ಲಿ ಬೆಳೆದವಳು. ಕಿಟಕಿಗೆಲ್ಲ ಜಾಲರಿ ಹೊಡೆಸಿ, ಹಿಂದಿನ ಬಾಗಿಲಿಗೆ ಅರ್ಧ ಹಲಗೆ ಕಟ್ಟಿಸಿ, ಬೀದಿಬೆಕ್ಕುಗಳ ನೆರಳೂ ಬೀಳದ ಹಾಗೆ ಸಾಕಿದ್ದರು. ನನಗೆ ಬೇಕಾಗಿದ್ದೂ ಅಂಥದೇ. ಕಾಯಿಲೆ ಬೆಕ್ಕುಗಳ ಜೊತೆ ಹೋಲಿಸಿ ನೋಡಲು ಕಾಯಿಲೆಯ ಸೋಂಕೇ ಇಲ್ಲದ ಒಂದು ಬೆಕ್ಕಿನ ರಕ್ತ ಬೇಕೆಂದು ಸಾರ್ ಹೇಳಿದ್ದರು.

ಟೀಚರ್ ಮನೆಯಲ್ಲಿ ಒಂದು ನಿಯಮವಿತ್ತು, ಅದು ಇಡೀ ಬೀದಿಗೇ ಗೊತ್ತಿತ್ತು. ಯಾರೇ ಬರಲಿ, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಬರಬೇಕು. ಅವರ ಸ್ವಂತ ತಮ್ಮನಿಗೂ ರಿಯಾಯಿತಿ ಇರಲಿಲ್ಲ. ನಾನು ಮೆಟ್ಟಿಲ ಹತ್ತಿರ ನಿಂತು ಸ್ಯಾಂಡಲ್ಸಿನ ಬಕಲ್ಲಿಗೆ ಕೈ ಹಾಕಿದೆ.

"ಏಯ್, ಅದೇನೇ ಅದು? ಡಾಕ್ಟ್ರು ಚಪ್ಲಿ ಬಿಟ್ಟು ಒಳಗೆ ಬರೋದು ಎಲ್ಲಾದ್ರೂ ಇದ್ಯಾ? ಹಾಗೇ ಬಾ."

"ನಾನಿನ್ನೂ ಓದ್ತಿದೀನಿ ಟೀಚರ್."

"ಭಿನ್ನರಾಶಿ ಬರಲ್ಲ ಅಂತ ಬೆಂಚಿನ ಮೇಲೆ ನಿಂತಿದ್ದ ಹುಡುಗಿ ಡಾಕ್ಟ್ರಾಗಿ ನಮ್ಮನೆಗೆ ಬಂದಿದಾಳೆ. ಬಾರೇ ಸುಮ್ನೆ!"

ಆ ಕಾಲದಲ್ಲಿ ಮನೆಗೆ ಬರುವ ಡಾಕ್ಟರಿಗೆ ಬೂಟು ಬಿಚ್ಚಿ ಎನ್ನುವ ಪದ್ಧತಿ ಇರಲಿಲ್ಲ. ಎಂಥ ಮಡಿಯ ಮನೆಯಲ್ಲೂ ಡಾಕ್ಟರು ಬೂಟುಗಾಲಲ್ಲೇ ನಡುಮನೆ ದಾಟಿ ರೋಗಿಯ ಮಂಚದ ತನಕ ಹೋಗುತ್ತಿದ್ದರು. ಹಿಂದೆ ಒಬ್ಬರು ಅವರ ಬ್ಯಾಗು ಹಿಡಿದುಕೊಂಡು ಬರುತ್ತಿದ್ದರು. ಟೀಚರ್ ನನ್ನ ಬಟ್ಟೆಚೀಲವನ್ನು ಹಾಗೇ ಎರಡೂ ಕೈಯಲ್ಲಿ ತೆಗೆದುಕೊಂಡರು. ನನಗೆ ಜೀವನದಲ್ಲಿ ಮೊದಲ ಸಲ ಯಾರೋ ಆ ಮರ್ಯಾದೆ ಕೊಟ್ಟಿದ್ದು, ಅದೂ ನನ್ನ ಟೀಚರ್. ಸುಳ್ಳೇಕೆ ಹೇಳಲಿ, ಉಬ್ಬಿಹೋದೆ. ಸ್ಯಾಂಡಲ್ಸಿನಲ್ಲೇ ಕೆಂಪು ಗಾರೆ ನೆಲದ ಮೇಲೆ ಟಪಟಪ ನಡೆದು ಒಳಗೆ ಹೋದೆ. ಮೀನಾಕ್ಷಿ ಹಳೆಯ ಕಾಪಿ ಪುಸ್ತಕಗಳ ಕಟ್ಟಿನ ಮೇಲಿಂದ ಹಾರಿ ಬಂದು ನನ್ನ ಕಾಲು ಮೂಸಿದಳು. ಟೀಚರ್ ಅವಳನ್ನು ತೊಡೆಯ ಮೇಲೆ ಹಿಡಿದು ಕೂತರು, ನಾನು ಕಾಲಿನ ರಕ್ತನಾಳದಿಂದ ಎರಡು ಎಂಎಲ್ ರಕ್ತ ತೆಗೆದೆ. ಪುಸ್ತಕದ ಕೊನೇ ಪುಟದಲ್ಲಿ ನಂಬರಿಲ್ಲದೆ ಹೀಗೆ ಬರೆದುಕೊಂಡೆ: ಆರೋಗ್ಯವಂತ ಬೆಕ್ಕು, ಹೋಲಿಕೆಗೆ.

ಅದು ಮಂಗಳವಾರ. ಭಾನುವಾರ ಮಧ್ಯಾಹ್ನ ಟೀಚರ್ ಪಕ್ಕದ ಮನೆಯವರನ್ನು ನಮ್ಮ ಮನೆಗೆ ಓಡಿಸಿದರು. ಮೀನಾಕ್ಷಿ ಬೆಳಗಿನಿಂದ ವಾಂತಿ ಮಾಡುತ್ತಿದ್ದಾಳೆ, ಏನೂ ಮುಟ್ಟುತ್ತಿಲ್ಲ ಎಂದು.

ನಾನು ಹೋದಾಗ ಅವಳು ನೀರಿನ ಬಟ್ಟಲ ಮುಂದೆ ಕೂತು ತಲೆಯನ್ನು ಅದರ ಮೇಲೆ ಜೋತುಬಿಟ್ಟಿದ್ದಳು. ಕುಡಿಯಬೇಕೆಂಬ ಆಸೆ ಇದೆ, ಕುಡಿಯಲು ಆಗುತ್ತಿಲ್ಲ. ಹದಿಮೂರು ಬೆಕ್ಕುಗಳನ್ನು ನೋಡಿದ್ದ ನನಗೆ ಮೈ ಮುಟ್ಟದೆಯೇ ಗೊತ್ತಾಗಿಹೋಯಿತು. ಆದರೂ ರಕ್ತ ತೆಗೆದು ಸೋಮವಾರ ಕಾಲೇಜಿಗೆ ಒಯ್ದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಬಿಳಿ ರಕ್ತಕಣಗಳು ಹುಡುಕಿದರೂ ಸಿಗಲಿಲ್ಲ. ಈ ಕಾಯಿಲೆ ಮೊದಲು ಮಾಡುವುದೇ ಅದು. ಮೈಯನ್ನು ಕಾಯಬೇಕಾದ ಕಣಗಳನ್ನೇ ಒರೆಸಿಹಾಕುತ್ತದೆ. ಇದಕ್ಕೆ ಔಷಧಿ ಇರಲಿಲ್ಲ. ಲಸಿಕೆ ಹೊರದೇಶಗಳಲ್ಲಿತ್ತು, ನಮಗೆ ಸಿಗುತ್ತಿರಲಿಲ್ಲ. ಮೈಯಲ್ಲಿ ನೀರು ಇಂಗದ ಹಾಗೆ ನೋಡಿಕೊಂಡು ಕಾಯುವುದೊಂದೇ ದಾರಿ.

ಅಷ್ಟು ನೋಡಿಕೊಂಡು ಬಂದವಳು ಆಮೇಲೆ ಕಾಲೇಜಿಗೆ ಚಕ್ಕರ್ ಹೊಡೆದು ಅವರ ಮನೆಯಲ್ಲೇ ಕೂತೆ. ದಿನಕ್ಕೆ ಮೂರು ಸಲ ಬೆನ್ನಿನ ಚರ್ಮ ಎತ್ತಿ ಸೂಜಿಯಿಂದ ಸಲೈನ್ ಬಿಡುತ್ತಿದ್ದೆ. ಬಿಟ್ಟ ಕೂಡಲೇ ಅಲ್ಲೊಂದು ಗೂನು ಏಳುತ್ತಿತ್ತು. ಟೀಚರ್ ಅದನ್ನು ಬೆರಳಿನಿಂದ ಮೆಲ್ಲಗೆ ಸವರುತ್ತ "ಒಂಟೆ ಆಗ್ಬಿಟ್ಯಲ್ಲೇ ನನ್ ಕಂದ" ಎನ್ನುತ್ತಿದ್ದರು. ತಮ್ಮ ಹಳೆಯ ಹತ್ತಿ ಸೀರೆ ಮಡಿಸಿ ಹಾಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಅವಳ ಹೊಟ್ಟೆಗೆ ಒತ್ತಿಟ್ಟಿದ್ದರು. ಮೀನಾಕ್ಷಿ ನರಳಿದರೆ ಮಗ್ಗಿ ಹೇಳುತ್ತಿದ್ದರು. ನಿಜವಾಗಿ! ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು, ಜೋಗುಳದ ಹಾಗೆ.

"ನಗ್ತೀಯಾ? ಬೇರೆಯವರಿಗೆ ಸ್ತೋತ್ರ ಬರುತ್ತೆ. ನನಗೆ ಬರೋದು ಇದು" ಎಂದರು. ನಾನು ನಗುತ್ತಿರಲಿಲ್ಲ. ಆ ಮಗ್ಗಿಯ ರಾಗಕ್ಕೆ ಬೆಕ್ಕು ಕಣ್ಣು ಮುಚ್ಚುವುದನ್ನು ನಾನೇ ನೋಡಿದೆ.

ಮಂಗಳವಾರ ಸ್ವಲ್ಪ ಆಸೆ ಬಂತು. ಚಮಚದಲ್ಲಿ ಬಿಟ್ಟ ಸಕ್ಕರೆನೀರು ಒಳಗೆ ನಿಂತಿತು, ಬಾಲ ಒಂದು ಸಲ ಆಡಿಸಿದಳು. ಟೀಚರ್ ಅಂದು ಎರಡು ದಿನಗಳ ಮೇಲೆ ಕೂತು ಊಟ ಮಾಡಿದರು. ಬುಧವಾರ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಮೀನಾಕ್ಷಿ ತಣ್ಣಗಾಗಿದ್ದಳು. ಟೀಚರ್ ಅವಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಅಳುತ್ತಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ.

ನಾನು ಕೇಳಬಾರದಾಗಿತ್ತೋ ಏನೋ, ಕೇಳಿದೆ. "ಟೀಚರ್, ಕರುಳಿನ ಒಂದು ಚೂರು ತಗೋಬಹುದಾ? ನನ್ನ ಕೆಲಸಕ್ಕೆ..."

ಅವರು ಮೀನಾಕ್ಷಿಯ ಕಿವಿ ಸವರಿದರು. ಆಮೇಲೆ ಹೇಳಿದರು: "ಕಲಿಯೋದಕ್ಕೆ ತಾನೆ? ತಗೋ. ಆದ್ರೆ ನನಗೊಂದು ಮಾತು ಕೊಡು. ಇದು ಹೊಸಿಲು ದಾಟಿದ ಬೆಕ್ಕಲ್ಲ. ಎಲ್ಲಿಂದ ಬಂತು ಇದಕ್ಕೆ ಈ ಕಾಯಿಲೆ? ನಿನಗೆ ಗೊತ್ತಾದ್ರೆ ನನಗೆ ಹೇಳ್ಬೇಕು. ಏನೇ ಆಗಿದ್ರೂ ಸರಿ, ಮುಚ್ಚಿಡಬಾರದು."

"ಹೇಳ್ತೀನಿ ಟೀಚರ್" ಎಂದೆ.

ಹಿತ್ತಲ ದಾಸವಾಳದ ಬುಡದಲ್ಲಿ ಮಣ್ಣು ಮಾಡಿದೆವು. ನಾಲ್ಕನೇ ಬ್ಲಾಕಿಗೆ ಹೋಗಿ ಬ್ಲೀಚಿಂಗ್ ಪೌಡರ್ ತಂದು ಬಕೆಟ್ಟಿನಲ್ಲಿ ಕಲಸಿ, ಮಂಡಿಯೂರಿ ಇಡೀ ಮನೆಯ ನೆಲ ಉಜ್ಜಿದೆ. ಕೆಂಪು ಗಾರೆಯ ಮೇಲೆ ಅಲ್ಲಲ್ಲಿ ಬೆಳ್ಳಗೆ ಕಲೆ ಎದ್ದಿತು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು. ಅಷ್ಟೆಲ್ಲ ಉಜ್ಜುವಾಗಲೂ ನನಗೆ ಹೊಳೆಯಲಿಲ್ಲ. ಕೊನೇ ಪುಟದಿಂದ ಅವಳ ಹೆಸರನ್ನು ಹೊಡೆದುಹಾಕಿ, ಕಾಯಿಲೆ ಬೆಕ್ಕುಗಳ ಪಟ್ಟಿಯಲ್ಲಿ ಹದಿನಾಲ್ಕು ಎಂದು ಬರೆದೆ.

ಎಂಜೈಮು ಬಂದದ್ದು ದೀಪಾವಳಿ ಕಳೆದ ಮೇಲೆ. ಹದಿನಾಲ್ಕರಲ್ಲಿ ಆರು ಬೆಕ್ಕುಗಳ ವೈರಸ್ಸು ಮಾತ್ರ ಬಾಟಲಿಯಲ್ಲಿ ಬೆಳೆದಿತ್ತು. ಡಿಎನ್ಎ ಕತ್ತರಿಸಿ, ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರೆ ಮಾಡುವ ಜೆಲ್ಲಿನಲ್ಲಿ ಕರೆಂಟು ಕೊಟ್ಟು ಓಡಿಸಿ, ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದ ಕೋಣೆಯಲ್ಲಿ ನೇರಳಾತೀತ ದೀಪದ ಮೇಲಿಟ್ಟು ನೋಡಿದೆವು. ಕಿತ್ತಳೆ ಬಣ್ಣದ ಗೆರೆಗಳು ಎದ್ದು ಕಂಡವು. ಇಷ್ಟು ಚಂದದ್ದನ್ನು ನಾನು ಅದುವರೆಗೆ ಮಾಡಿರಲಿಲ್ಲ. ನಾಲ್ಕು ಬೆಕ್ಕುಗಳ ಗೆರೆಗಳು ಒಂದರ ಪಕ್ಕ ಒಂದು ತದ್ರೂಪ. ಎರಡು ಮಾತ್ರ ಬೇರೆ. ಉಳಿದವುಗಳಲ್ಲಿ ಎರಡು ತುಂಡಾಗಿದ್ದ ಜಾಗ ಈ ಎರಡರಲ್ಲಿ ತುಂಡಾಗದೆ ಒಂದೇ ದಪ್ಪ ಗೆರೆಯಾಗಿ ಮೇಲೆ ನಿಂತಿತ್ತು. ಸುಮಾರು ಐದು ಸಾವಿರ ಅಕ್ಷರಗಳ ಆ ಡಿಎನ್ಎಯಲ್ಲಿ ಎಲ್ಲೋ ಒಂದು ಅಕ್ಷರ ಬದಲಾಗಿ, ಎಂಜೈಮಿಗೆ ಅಲ್ಲಿ ಕತ್ತರಿಸಲು ಆಗಿರಲಿಲ್ಲ.

"ಭೇಷ್!" ಎಂದರು ಸಾರ್. ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. "ಒಂದೂರಲ್ಲೇ ಎರಡು ಥರ. ಆ ಎರಡು ಯಾವ್ಯಾವ ಬೆಕ್ಕು?"

ಪುಸ್ತಕ ನೋಡಿದೆ. ಹದಿಮೂರು ಮತ್ತು ಹದಿನಾಲ್ಕು.

"ಎರಡೂ ಮನೆ ಅಕ್ಕಪಕ್ಕನಾ?"

"ಇಲ್ಲ ಸಾರ್. ಒಂದು ಸಿದ್ದಾಪುರ, ಒಂದು ಜಯನಗರ. ಎರಡನೇದು ಮನೆಯಿಂದ ಆಚೆಗೇ ಹೋಗದ ಬೆಕ್ಕು."

"ಹಾಗಾದ್ರೆ ಅಲ್ಲಿಂದ ಇಲ್ಲಿಗೆ ಯಾರು ಹೋದ್ರು?"

ಅವರು ಸುಮ್ಮನೆ, ಲೆಕ್ಕ ಬಿಡಿಸುವ ಹಾಗೆ ಕೇಳಿದ್ದು. ನಾನು ಪುಟದ ಮೇಲಿದ್ದ ತಾರೀಕು ನೋಡಿದೆ. ಎರಡೂ ಮನೆಗೆ ಒಂದೇ ದಿನ, ಒಂದೇ ಬೆಳಿಗ್ಗೆ, ಒಂಬತ್ತು ಗಂಟೆಗೆ ಒಂದು, ಹತ್ತಕ್ಕೆ ಇನ್ನೊಂದು. ನಡುವೆ ಒರೆಸಿಕೊಂಡ ಪೇಪರು. ಏಳು ಮನೆ ಸುತ್ತಿಸಿದ ಆ ಬೂದು ಬೆಕ್ಕು ವಠಾರದ ಆಚೆಗೆ ಕಾಲಿಟ್ಟಿರಲಿಲ್ಲ. ಎಂಟನೇ ಮನೆಗೆ ಕಾಯಿಲೆಯನ್ನು ಮುಟ್ಟಿಸಿದವಳು ನಾನು. ಕತ್ತಲೆ ಕೋಣೆ, ಮುಖ ಕಾಣುತ್ತಿರಲಿಲ್ಲ. ಆದರೂ ಸಾರ್‌ಗೆ ಗೊತ್ತಾಯಿತು. ಕೆಮ್ಮಿದರು. ದೀಪ ಆರಿಸಿದರು.

ಹೊರಗೆ ಬಂದ ಮೇಲೆ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸುತ್ತ ಕೇಳಿದರು, ಆಮೇಲೆ ಹೇಳಿದರು: "ನೋಡು, ಗೆರೆ ಒಂದೇ ಥರ ಇದ್ದ ಮಾತ್ರಕ್ಕೆ ಅಲ್ಲಿಂದಲೇ ಬಂತು ಅಂತ ನೂರಕ್ಕೆ ನೂರು ಹೇಳಕ್ಕಾಗಲ್ಲ. ನಾವು ನೋಡಿರೋದು ಆರು ಬೆಕ್ಕು. ಈ ಥರದ್ದು ಊರಲ್ಲಿ ಇನ್ನೂ ಎಷ್ಟು ಕಡೆ ಇದೆಯೋ, ಗಾಳಿಗೆ ಬಂತೋ, ಹಾಲಿನವನ ಕಾಲಲ್ಲಿ ಬಂತೋ. ಥೀಸಿಸ್‌ಗೆ ಇದು ಬೇಕಾಗಿಲ್ಲ. ಹದಿನಾಲ್ಕು ಅಂತ ನಂಬರ್ ಇದ್ರೆ ಸಾಕು."

ಅವರು ಹೇಳಿದ್ದು ಸುಳ್ಳಲ್ಲ. ವಿಜ್ಞಾನ ಅಷ್ಟೇ ಹೇಳಬಲ್ಲದು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಎರಡು ವಾರ ತಿರುಗಿದೆ. ಟೀಚರ್ ಮನೆಯ ಬೀದಿ ತಪ್ಪಿಸಲು ಒಂದು ಸ್ಟಾಪು ಮೊದಲೇ ಬಸ್ಸಿಳಿದು ಸುತ್ತಿ ಬರುತ್ತಿದ್ದೆ. ಹೇಳಿದರೆ ಅವರು ಮತ್ತೆ ನನ್ನನ್ನು ಮನೆಗೆ ಸೇರಿಸುವುದಿಲ್ಲ, ಸೇರಿಸಬೇಕಾಗಿಯೂ ಇಲ್ಲ. ಹೇಳದಿದ್ದರೆ ಅವರಿಗೆ ಎಂದೂ ಗೊತ್ತಾಗುವುದಿಲ್ಲ. ಮೀನಾಕ್ಷಿ ಹೋಗಿಯಾಗಿದೆ, ಈಗ ಹೇಳಿ ಆಗಬೇಕಾದ್ದೇನು ಎಂದು ನನಗೆ ನಾನೇ ನೂರು ಸಲ ಹೇಳಿಕೊಂಡೆ. ಊಟ ಸೇರುತ್ತಿರಲಿಲ್ಲ. ಅಮ್ಮ ಗಂಡಿನ ವಿಷಯಕ್ಕೆ ಬೇಜಾರಾಗಿದೆ ಅಂದುಕೊಂಡು, ಪಾಪ, ನಾಲ್ಕು ದಿನ ಜಾತಕದ ಮಾತೆತ್ತಲಿಲ್ಲ. ಒಂದು ಭಾನುವಾರ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಇದ್ದಕ್ಕಿದ್ದಂತೆ ಸಾಕು ಅನ್ನಿಸಿಬಿಟ್ಟಿತು. ಒದ್ದೆ ತಲೆಯಲ್ಲೇ ಹೊರಟೆ.

ಡಿಸೆಂಬರ್ ಬಿಸಿಲು. ಟೀಚರ್ ಮುಂದಿನ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ಸೊರಗಿದ್ದರು. ನಾಲ್ಕು ತಿಂಗಳಲ್ಲಿ ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತಿತ್ತು.

"ಬಾರೇ ಡಾಕ್ಟ್ರೇ, ಎಲ್ಲಿ ಮಾಯ ಆಗಿದ್ದೆ? ಕೂತ್ಕೋ, ನೀನೂ ಹಿತಕು. ಈ ಬೆರಳಿಗೆ ಮೊದಲಿನ ಹಾಗೆ ಆಗಲ್ಲ."

ಕೆಳಗಿನ ಮೆಟ್ಟಿಲ ಮೇಲೆ ಕೂತೆ. ನಾಲ್ಕು ಕಾಳು ಹಿತಕಿದೆ. ಐದನೆಯದು ಬೆರಳಿನಿಂದ ಚಿಮ್ಮಿ ಹೋಯಿತು.

"ಟೀಚರ್, ಮೀನಾಕ್ಷಿಗೆ ಎಲ್ಲಿಂದ ಬಂತು ಅಂತ ಗೊತ್ತಾಯ್ತು."

ಅವರ ಕೈ ಮೊರದ ಮೇಲೆ ಹಾಗೇ ನಿಂತಿತು. "ಹೇಳು" ಎಂದರು. ಅಷ್ಟು ಹೆದರಿದ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನನ್ನಿಂದ."

ಒಂದೇ ಉಸಿರಿಗೆ ಎಲ್ಲ ಹೇಳಿದೆ. ಸಿದ್ದಾಪುರದ ಮರಿ, ನನ್ನ ಕಾಲ ಮೇಲೆ ಆದದ್ದು, ಮುನಿಯಮ್ಮ ತಂದ ಚೊಂಬು ಬೇಡವೆಂದದ್ದು, ಅದೇ ಸ್ಯಾಂಡಲ್ಸಿನಲ್ಲಿ ಒಳಗೆ ನಡೆದದ್ದು, ಜೆಲ್ಲಿನ ಗೆರೆಗಳು. "ನೂರಕ್ಕೆ ನೂರು ಹೇಳಕ್ಕಾಗಲ್ಲ ಅಂತಾರೆ ನಮ್ಮ ಸಾರ್. ಆದ್ರೆ ನನಗೆ ಗೊತ್ತು ಟೀಚರ್. ನನ್ನ ನೋಟ್ಸಲ್ಲೇ ಬರೆದಿತ್ತು. ಗೊತ್ತಿದ್ದೂ ಮಾಡಿದೆ. ನೀವು ಹಾಗೇ ಬಾ ಅಂದಿದ್ದು ನನ್ನ ಮೇಲಿನ ಪ್ರೀತಿಗೆ. ಬೇಡ ಅನ್ನಬೇಕಾಗಿದ್ದವಳು ನಾನು."

ಬೈಗುಳಕ್ಕೆ ಕಾಯುತ್ತಿದ್ದೆ. ಅವರು ನನ್ನ ಕಡೆ ಬಾಗಿ, ಪಾಠ ಒಪ್ಪಿಸುವಾಗ ತಪ್ಪು ಹುಡುಕುವವರ ಹಾಗೆ ಕೇಳಿದರು: "ಹಾಲಿಂದ ಅಲ್ವಾ?"

"ಯಾವ ಹಾಲು ಟೀಚರ್?"

"ಶನಿವಾರ ನಾನು ತಮ್ಮನ ಮನೆಗೆ ಹೋಗಿದ್ದೆ, ಮಲ್ಲೇಶ್ವರಕ್ಕೆ. ಬೆಳಿಗ್ಗೆ ಬಟ್ಟಲಿಗೆ ಹಾಲು ಹಾಕಿಟ್ಟು ಹೋದೆ. ಬಸ್ಸು ಸಿಗದೆ ಬರೋಷ್ಟ್ರಲ್ಲಿ ಸಂಜೆ ಆಯ್ತು. ಬಟ್ಟಲಲ್ಲಿ ಉಳಿದಿದ್ದ ಹಾಲು ಒಡೆದುಹೋಗಿತ್ತು. ಹಸಿದು ಅದನ್ನೇ ಕುಡಿದಿದ್ದಳು. ಮಾರನೇ ದಿನವೇ ವಾಂತಿ ಶುರು." "ನಾನೇ ಕೊಂದೆ ಅಂದ್ಕೊಂಡಿದೀನಿ, ವಿಮಲಾ. ನಾಲ್ಕು ತಿಂಗಳಿಂದ. ಯಾರ ಹತ್ರಾನೂ ಹೇಳಿಲ್ಲ. ನೀನು ದಿನಾ ಬಂದು ಸೂಜಿ ಚುಚ್ತಾ ಇದ್ದೆ, ನಿನಗೆ ಹೇಳಕ್ಕೂ ಬಾಯಿ ಬರಲಿಲ್ಲ. ಅದಕ್ಕೇ ಕೇಳಿದ್ದು, ಗೊತ್ತಾದ್ರೆ ಹೇಳು ಅಂತ."

"ಒಡೆದ ಹಾಲು ಕುಡಿದು ಯಾವ ಬೆಕ್ಕೂ ಸಾಯಲ್ಲ ಟೀಚರ್. ಶನಿವಾರದ ಹೊತ್ತಿಗೆ ಕಾಯಿಲೆ ಅವಳ ಮೈಯಲ್ಲಿ ನಾಲ್ಕು ದಿನ ಬೆಳೆದಾಗಿತ್ತು."

"ಖಂಡಿತಾನಾ?"

"ಖಂಡಿತ."

"ಇನ್ನೊಂದ್ಸಲ ಹೇಳು."

"ಹಾಲಿನಿಂದ ಅಲ್ಲ. ನಿಮ್ಮಿಂದ ಅಲ್ಲ."

ಅವರು ಸೆರಗು ಮುಖಕ್ಕೆ ಹಿಡಿದರು. ಮೀನಾಕ್ಷಿ ಸತ್ತ ದಿನ ಅಳದವರು, ಬೀದಿಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ ಅತ್ತರು. ನಾನೂ ಅತ್ತೆ. ಹತ್ತಿರ ಹೋಗಿ ಹೆಗಲು ಮುಟ್ಟಲು ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯದೆ ಅಲ್ಲೇ ಕೂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಅವರು ಮುಖ ಒರೆಸಿಕೊಂಡು, ಚೆಲ್ಲಿದ್ದ ಕಾಳುಗಳನ್ನು ಒಂದೊಂದಾಗಿ ಮೊರಕ್ಕೆ ಹಾಕಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

"ಇವತ್ತು ನಿನ್ನ ಮುಖ ನೋಡಕ್ಕೆ ನನ್ನ ಕೈಲಿ ಆಗಲ್ಲ ವಿಮಲಾ. ಹೋಗು."

ಎದ್ದೆ. ಗೇಟಿನ ಚಿಲಕ ತೆಗೆಯುವಾಗ ಹಿಂದಿನಿಂದ ದನಿ ಬಂತು.

"ನಾಳೆ ಬಾ."

ಮರುದಿನ ಹೋದೆ. ಅದರ ಮರುದಿನವೂ ಹೋದೆ. ನಾಲ್ಕನೆಯ ದಿನ ಅವರು ನನ್ನ ಮುಖ ನೋಡಿದರು.